ಕ್ಲಾರಿಯೋನೆಟ್ ಕಿರುಚಿದರೆ ಮೌತ್‌ಪೀಸಿನದೇ ತಪ್ಪೇ? ಹೊಸದು ಕೊಳ್ಳುವ ಮುಂಚಿನ ತಪಾಸಣೆ

ನಲವತ್ತು ದಾಟಿದ ಮೇಲೆ ಕ್ಲಾರಿಯೋನೆಟ್ ಹಿಡಿದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ: "ಯಾವ ಮೌತ್‌ಪೀಸ್ ತಗೊಳ್ಲಿ?" ತುಮಕೂರಿನಿಂದಲೋ ಕೋಲಾರದಿಂದಲೋ ಬೆಳಗಿನ ಬಸ್ಸು ಹತ್ತಿ ವಾದ್ಯದ ಅಂಗಡಿಗಳಿರುವ ಬೆಂಗಳೂರಿನ ಬಳೇಪೇಟೆಗೆ ಹೋಗಿ, ದುಬಾರಿ ಮೌತ್‌ಪೀಸ್ ತಂದು, ಸಂಜೆ ಮನೆಯಲ್ಲಿ ಊದಿದರೆ ಅದೇ ಕಿರುಚಾಟ. ತಪ್ಪು ರೀಡಿನಲ್ಲಿತ್ತು, ಅಂದರೆ ಮೌತ್‌ಪೀಸಿಗೆ ಬಿಗಿಯುವ, ಊದಿದಾಗ ಅದುರುವ ತೆಳು ಪಟ್ಟಿಯಲ್ಲಿತ್ತು; ತುಟಿಯಲ್ಲಿತ್ತು; ಇಲ್ಲವೇ ಗಾಳಿ ಸೋರುವ ಒಂದು ಪ್ಯಾಡಿನಲ್ಲಿ, ಅಂದರೆ ಕೀಯ ಅಡಿಯಿದ್ದು ತೂತು ಮುಚ್ಚುವ ಮೆತ್ತೆಯಲ್ಲಿತ್ತು.

ಹಾಗಂತ ಮೌತ್‌ಪೀಸ್ ಯಾವಾಗಲೂ ನಿರಪರಾಧಿಯಲ್ಲ. ಅಗ್ಗದ ವಾದ್ಯದ ಪೆಟ್ಟಿಗೆಯಲ್ಲೇ ಬರುವ ಹೆಸರಿಲ್ಲದ ಪ್ಲಾಸ್ಟಿಕ್ ಮೌತ್‌ಪೀಸುಗಳಲ್ಲಿ ಕೆಟ್ಟವು ಬೇಕಾದಷ್ಟಿವೆ. ಕೆಟ್ಟದ್ದು ಯಾವುದೆಂದು ಮನೆಯಲ್ಲೇ ಪತ್ತೆ ಹಚ್ಚಬಹುದು. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ.

ಮೇಜಿನ ಮೇಲೆ ಇಷ್ಟಿರಲಿ: 2 ಮತ್ತು 2½ ನಂಬರಿನ ಹೊಸ ರೀಡು ಒಂದೊಂದು, ಫೋನಿನಲ್ಲಿ ಟ್ಯೂನರ್ ಆ್ಯಪ್, ಅಂಚಿಗೆ ಟೇಪು ಸುತ್ತಿದ ಅಂಗೈಯಗಲದ ಗಾಜಿನ ತುಂಡು, ಬೆರಳಗಲದ ಜೆರಾಕ್ಸ್ ಹಾಳೆಯ ಪಟ್ಟಿ, ಟಾರ್ಚು, ಕಾರ್ಕ್ ಗ್ರೀಸ್. ಆ್ಯಪಿನಲ್ಲಿ ಶ್ರುತಿಯ ಮಟ್ಟ 440 (ಎ ಸ್ವರಕ್ಕೆ 440 ಹರ್ಟ್ಸ್) ಇರಲಿ, ವಾದ್ಯದ ಸೆಟ್ಟಿಂಗ್ ಸಿ ಎಂದೇ ಇರಲಿ; ಬಿ ಫ್ಲಾಟ್ ಎಂದು ಬದಲಿಸಿದರೆ ಕೆಳಗೆ ಹೇಳಿರುವ ಸ್ವರಗಳು ತಾಳೆಯಾಗುವುದಿಲ್ಲ.

ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ರೀಡು ಕೂರುವ ಚಪ್ಪಟೆ ಜಾಗವನ್ನು ಅಂಗಡಿಯವರು ಟೇಬಲ್ ಎನ್ನುತ್ತಾರೆ, ಇಲ್ಲಿ ಮಣೆ ಎನ್ನೋಣ. ಮಣೆ ಮುಗಿದ ಮೇಲೆ ಮೌತ್‌ಪೀಸು ರೀಡಿನಿಂದ ನಿಧಾನವಾಗಿ ದೂರ ಸರಿಯುತ್ತದಲ್ಲ, ಅದು ಬಾಗು. ತುದಿಯಲ್ಲಿ ರೀಡಿಗೂ ಮೌತ್‌ಪೀಸಿಗೂ ನಡುವೆ ಉಳಿಯುವ ಜಾಗ ತುದಿಯ ಸಂದು. ಈ ಸಂದು ಸುಮಾರು 1 ಮಿ.ಮೀ. ಮಾತ್ರ, ಅದರಲ್ಲಿ ಹತ್ತನೇ ಒಂದು ಭಾಗ ಆಚೀಚೆಯಾದರೂ ಊದುವವರಿಗೆ ಗೊತ್ತಾಗುತ್ತದೆ.

"ಉಸಿರೆಲ್ಲ ಖಾಲಿ, ದನಿ ಮಾತ್ರ ಇಲ್ಲ"

ಬರೀ ಗಾಳಿ ಹೋಗುತ್ತಿದ್ದರೆ ಇಡೀ ವಾದ್ಯವನ್ನು ಪಕ್ಕಕ್ಕಿಡಿ. ಮೌತ್‌ಪೀಸಿಗೆ ಬ್ಯಾರೆಲ್ ಒಂದನ್ನೇ, ಅಂದರೆ ಅದರ ಕೆಳಗೆ ಕೂರುವ ಗಿಡ್ಡ ಕೊಳವೆಯನ್ನಷ್ಟೇ, ಜೋಡಿಸಿ ಊದಿ. ಬಿ ಫ್ಲಾಟ್ ವಾದ್ಯವಾದರೆ (ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ) ಟ್ಯೂನರ್ ಎಫ್ ಶಾರ್ಪಿನ ಆಸುಪಾಸು ತೋರಿಸಬೇಕು, ಅಂದರೆ ಹಾರ್ಮೋನಿಯಂನ ನಾಲ್ಕೂವರೆ ಮನೆ. ಅದು ಗಟ್ಟಿಯಾಗಿ, ಅಲುಗದೆ ಹತ್ತು ಎಣಿಸುವಷ್ಟು ಹೊತ್ತು ನಿಂತರೆ ಮೌತ್‌ಪೀಸು, ರೀಡು, ತುಟಿ ಮೂರೂ ಸರಿಯಾಗಿವೆ; ಹುಳುಕು ವಾದ್ಯದ ಕಡೆಗಿದೆ, ಮುಂದಿನ ವಿಭಾಗಕ್ಕೆ ಹೋಗಿ. ಎಫ್ ಅಥವಾ ಅದಕ್ಕೂ ಕೆಳಗೆ ಇಳಿದರೆ ತುಟಿ ಸಡಿಲ. ಜಿ ಕಡೆಗೆ ಏರಿದರೆ ಕಚ್ಚುತ್ತಿದ್ದೀರಿ.

ದನಿಯೇ ಬರದಿದ್ದರೆ ರೀಡು ಕೂರಿಸಿರುವುದನ್ನು ನೋಡಿ. ಹೊಸಬರ ತೊಂದರೆಯ ದೊಡ್ಡ ಪಾಲು ಇಲ್ಲೇ ತೀರುತ್ತದೆ. ರೀಡನ್ನು ಒಂದೆರಡು ನಿಮಿಷ ನೀರಿನಲ್ಲೋ ಬಾಯಲ್ಲೋ ನೆನೆಸಿ. ಲಿಗೇಚರ್ ಅನ್ನು, ಅಂದರೆ ರೀಡು ಬಿಗಿಯುವ ಪಟ್ಟಿಯನ್ನು, ಮೊದಲು ಸಡಿಲವಾಗಿ ಹಾಕಿ. ಆಮೇಲೆ ಅದರಡಿ ರೀಡನ್ನು ತೂರಿಸಿ. ಈ ಕ್ರಮ ತಿರುಗಾಮುರುಗಾ ಮಾಡಿದಾಗಲೇ ಪಟ್ಟಿ ತಗುಲಿ ರೀಡಿನ ತುದಿ ಮುರಿಯುವುದು. ರೀಡಿನ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದರ ಮೇಲೆ ಮೌತ್‌ಪೀಸಿನ ಕಪ್ಪು ಒಂದು ಕೂದಲೆಳೆಯಷ್ಟು ಕಾಣಬೇಕು. ರೀಡು ಅದಕ್ಕಿಂತ ಮೇಲಿದ್ದರೆ ಗಡುಸಾಗುತ್ತದೆ, ಕೆಳಗಿದ್ದರೆ ದನಿ ತೆಳುವಾಗಿ ಕಿರುಚುತ್ತದೆ. ಎರಡೂ ಪಕ್ಕ ಸಮವಿರಲಿ. ಸಾಮಾನ್ಯ ಲಿಗೇಚರಿನ ತಿರುಪು ರೀಡಿನ ಕಡೆಗೆ, ನಿಮ್ಮ ಬಲಕ್ಕೆ ಬರಬೇಕು. ಕೆಳಗಿನ ತಿರುಪು ಬಿಗಿ, ಮೇಲಿನದು ಅದಕ್ಕಿಂತ ತುಸು ಸಡಿಲ. ಇಕ್ಕಳ ಹಾಕಿ ಬಿಗಿಯುವಂಥದ್ದು ಇದರಲ್ಲಿ ಏನೂ ಇಲ್ಲ.

ಆಮೇಲೆ ಎಷ್ಟು ಬಾಯೊಳಗೆ? ಅಂದಾಜು ಬೇಡ, ಜೆರಾಕ್ಸ್ ಪಟ್ಟಿಯನ್ನು ತುದಿಯಿಂದ ರೀಡಿಗೂ ಮೌತ್‌ಪೀಸಿಗೂ ನಡುವೆ ಮೆಲ್ಲಗೆ ಇಳಿಸಿ. ಅದು ಎಲ್ಲಿ ನಿಲ್ಲುತ್ತದೋ ಕೆಳತುಟಿ ಹೆಚ್ಚುಕಮ್ಮಿ ಅಲ್ಲಿಗೆ ಬರಬೇಕು. ತುದಿಯನ್ನಷ್ಟೇ ಚೀಪಿದರೆ ರೀಡಿಗೆ ಆಡಲು ಜಾಗವಿಲ್ಲ, ದನಿ ಸೊಳ್ಳೆಯಂತೆ. ಅತಿಯಾಗಿ ಒಳಗೆ ತೂರಿಸಿದರೆ ರೀಡು ಕಡಿವಾಣ ಕಿತ್ತ ಕುದುರೆ.

ಇಷ್ಟಾದ ಮೇಲೂ ಗಾಳಿಯೇ ಆದರೆ ರೀಡು ಗಡುಸು. 3ನೇ ನಂಬರಿನ ರೀಡು ಕೊಟ್ಟು "ದೊಡ್ಡವರಿಗೆ ಇದೇ ಸರಿ" ಎನ್ನುವವರುಂಟು. ವಯಸ್ಸಿಗೂ ರೀಡಿನ ನಂಬರಿಗೂ ಸಂಬಂಧವಿಲ್ಲ. ತುಟಿಯ ಸ್ನಾಯು ಹೊಸದಲ್ಲವೇ? 2ರಿಂದ ಶುರುಮಾಡಿ. ಇನ್ನೊಂದು ಮಾತು: ಒಂದೇ ನಂಬರು ಎಲ್ಲ ಕಂಪನಿಯಲ್ಲೂ ಒಂದೇ ಗಡುಸಲ್ಲ. ಕಿತ್ತಳೆ ಡಬ್ಬಿಯ ರಿಕೋ 2½, ನೀಲಿ ಡಬ್ಬಿಯ ವ್ಯಾಂಡೋರೆನ್ 2½ಕ್ಕಿಂತ ಮೆದು.

"ಇದ್ದಕ್ಕಿದ್ದಂತೆ ಕೀಚ್ ಅನ್ನುತ್ತೆ"

ಕಿರುಚುವುದಕ್ಕೆ ಕಾರಣ ನಾಲ್ಕಾರು. ಯಾವಾಗ ಕಿರುಚುತ್ತದೆ ಎಂಬುದೇ ಅರ್ಧ ಉತ್ತರ.

ಯಾವುದೋ ಒಂದೆರಡು ಸ್ವರದಲ್ಲಿ ಮಾತ್ರ, ಅದರಲ್ಲೂ ಕೆಳಗಿನ ಸ್ವರಕ್ಕೆ ಇಳಿಯುವಾಗ ಕಿರುಚಿದರೆ ಬೆರಳು. ಉಂಗುರದ ಬೆರಳು ತೂತನ್ನು ಪೂರ್ತಿ ಮುಚ್ಚಿರುವುದಿಲ್ಲ, ಇಲ್ಲವೇ ಬಲಗೈ ತೋರುಬೆರಳಿನ ಬುಡ ಪಕ್ಕದ ಕೀಗೆ ತಾಗಿರುತ್ತದೆ. ಬೆರಳನ್ನು ಗಟ್ಟಿಯಾಗಿ ಒತ್ತಿ ತೆಗೆದು ನೋಡಿ: ತೂತಿನ ದುಂಡು ಅಚ್ಚು ಬೆರಳಿನ ಮೇಲೆ ಪೂರ್ತಿ ಬಿದ್ದಿರಬೇಕು. ಅರ್ಧಚಂದ್ರ ಬಿದ್ದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಕೊಳಲು ನುಡಿಸಿ ಬಂದವರು ಬೆರಳ ತುದಿಯ ಬದಲು ನಡುಗೆಣ್ಣಿನಿಂದ ಮುಚ್ಚುವ ರೂಢಿ ಇಟ್ಟುಕೊಂಡಿರುತ್ತಾರೆ. ಇಲ್ಲಿ ಬೆರಳಿನ ಮೆತ್ತನೆಯ ದಿಂಬೇ ಬೇಕು.

ಬೆರಳು ಸರಿಯಿದ್ದೂ ಕಿರುಚಿದರೆ ಪ್ಯಾಡು ಸೋರುತ್ತಿದೆಯೇ ನೋಡಿ. ಮೇಲಿನ ತುಂಡೊಂದನ್ನೇ ತೆಗೆದುಕೊಂಡು ಎಡಗೈಯ ಮೂರು ಬೆರಳು ಮತ್ತು ಹೆಬ್ಬೆರಳಿನಿಂದ ತೂತು ಮುಚ್ಚಿ, ಕೆಳತುದಿಗೆ ಬಲ ಅಂಗೈ ಒತ್ತಿ, ಮೇಲಿನಿಂದ ಗಾಳಿ ಹೀರಿ. ನಾಲಿಗೆ ಅಂಟಿಕೊಂಡು, ಬಿಟ್ಟಾಗ "ಟಪ್" ಎಂದರೆ ಸರಿ. ಗಾಳಿ ಬರುತ್ತಲೇ ಇದ್ದರೆ ಸೋರಿಕೆ. ಯಾವ ಪ್ಯಾಡೆಂದು ಹುಡುಕಲು ತೆಳು ಕಾಗದದ ಎಳೆಯನ್ನು ಪ್ಯಾಡಿನಡಿ ಇಟ್ಟು, ಮುಚ್ಚಿ, ಎಳೆಯಿರಿ. ಸುಲಭವಾಗಿ ಜಾರಿಬಂದ ಕಡೆ ಪ್ಯಾಡು ಕೂತಿಲ್ಲ. ಇಲ್ಲಿಗೆ ನಿಲ್ಲಿಸಿ. ಪ್ಯಾಡು ಕೂರಿಸುವುದು ರಿಪೇರಿಯವರ ಕೆಲಸ. ಫೆವಿಕ್ವಿಕ್ ಹಾಕಿ ತಂದ ವಾದ್ಯ ಕಂಡರೆ ಅವರು ಹಣೆ ಚಚ್ಚಿಕೊಳ್ಳುತ್ತಾರೆ.

ಯಾವ ಸ್ವರದಲ್ಲಾದರೂ ಸರಿ, ಲೆಕ್ಕವಿಲ್ಲದೆ ಕಿರುಚಿದರೆ ರೀಡು ಅಥವಾ ಮೌತ್‌ಪೀಸು. ಟಾರ್ಚಿನ ಮುಂದೆ ರೀಡು ಹಿಡಿದು ತುದಿಯಲ್ಲಿ ಸೀಳು, ಮುಕ್ಕು ಇದೆಯೇ ನೋಡಿ. ಇದ್ದರೆ ಎಸೆಯಿರಿ, ಅದಕ್ಕೆ ಚಿಕಿತ್ಸೆಯಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಬಯಲುಸೀಮೆಯ ಒಣಗಾಳಿಗೆ ರೀಡಿನ ತುದಿ ಹಪ್ಪಳದಂತೆ ಅಲೆಯಲೆಯಾಗುತ್ತದೆ. ಇದು ದೋಷವಲ್ಲ: ಮೂರು ನಿಮಿಷ ನೆನೆಸಿ, ಮಣೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನೆಟ್ಟಗಾಗುತ್ತದೆ. ನುಡಿಸಿದ ಮೇಲೆ ರೀಡನ್ನು ಮೌತ್‌ಪೀಸಿನಲ್ಲೇ ಬಿಡಬೇಡಿ, ಒರೆಸಿ ಡಬ್ಬಿಗೆ ಹಾಕಿ. ಮೂರ್ನಾಲ್ಕು ರೀಡುಗಳನ್ನು ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿದರೆ ಒಂದೊಂದೂ ಹೆಚ್ಚು ಕಾಲ ಬಾಳುತ್ತದೆ, ತಪ್ಪು ಯಾರದೆಂದು ಪತ್ತೆಹಚ್ಚುವುದೂ ಸುಲಭ. ಮೂರು ರೀಡಿನಲ್ಲೂ ಒಂದೇ ರೀತಿ ಕಿರುಚಿದರೆ ಆಗ ಮೌತ್‌ಪೀಸನ್ನು ಕಟಕಟೆಗೆ ಹತ್ತಿಸಿ.

ಮೌತ್‌ಪೀಸಿನ ಮೇಲೆ ಮೂರು ಪರೀಕ್ಷೆ

ಮೊದಲನೆಯದು ಉಗುರು. ತುದಿಯ ಅಂಚಿನ ಮೇಲೆ ಉಗುರನ್ನು ಅಡ್ಡಲಾಗಿ ಹಗುರವಾಗಿ ಎಳೆಯಿರಿ, ಪಕ್ಕದ ಎರಡು ಅಂಚುಗಳ ಮೇಲೂ. ಎಲ್ಲಾದರೂ ಸಿಕ್ಕಿಕೊಂಡರೆ ಮುಕ್ಕಾಗಿದೆ. ಮುಚ್ಚಳ ಹಾಕದೆ ಚೀಲಕ್ಕೆ ತುರುಕುವುದರಿಂದ, ಒಳಗೆ ಲೋಹದ ಗುಂಡಿರುವ ಬಟ್ಟೆ ಎಳೆಯುವುದರಿಂದ ಹೀಗಾಗುತ್ತದೆ. ತುದಿಯ ಅಂಚಿನ ಮುಕ್ಕು ಮರಳುಕಾಗದಕ್ಕೆ ಸಿಗುವುದಿಲ್ಲ. ನೀವು ಉಜ್ಜಿದಷ್ಟೂ ಸಂದು ಬದಲಾಗುತ್ತದೆ. ಜತೆಗೆ ಗಟ್ಟಿ ರಬ್ಬರಿನ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಎರಡನೆಯದು ಹೀರುವ ಪರೀಕ್ಷೆ. ನೆಂದ ರೀಡು ಬಿಗಿದು, ಮೌತ್‌ಪೀಸಿನ ಕೆಳತುದಿಗೆ ಅಂಗೈ ಒತ್ತಿ, ಬಾಯಿಂದ ಗಾಳಿಯೆಲ್ಲ ಹೀರಿ, ಬಾಯಿ ತೆಗೆಯಿರಿ. ರೀಡು ಒಂದೆರಡು ಕ್ಷಣ ಮುಚ್ಚಿಕೊಂಡೇ ಇದ್ದು "ಪಟ್" ಎಂದು ತೆರೆಯಬೇಕು. ತಕ್ಷಣ ತೆರೆದುಕೊಂಡರೆ ಎಲ್ಲೋ ಸೋರಿಕೆ. ಮೊದಲು ರೀಡು ಬದಲಿಸಿ, ಆಮೇಲೆ ಲಿಗೇಚರ್ ಮತ್ತೆ ಬಿಗಿದು, ಮತ್ತೆ ನೋಡಿ. ಮೂರು ರೀಡೂ ನಿಲ್ಲದಿದ್ದರೆ ಮಣೆ ಸೊಟ್ಟಗಾಗಿದೆ ಅಥವಾ ಅಂಚು ಸಮವಿಲ್ಲ.

ಮೂರನೆಯದು ಗಾಜು. ರೀಡು ಬಿಚ್ಚಿ, ಮಣೆ ಕೆಳಗಾಗುವಂತೆ ಮೌತ್‌ಪೀಸನ್ನು ಗಾಜಿನ ಮೇಲಿಡಿ. ಮಣೆಯ ಮೇಲ್ಭಾಗದಲ್ಲಿ ಒಂದು ಬೆರಳಿಟ್ಟು ಅಲುಗದಂತೆ ಹಿಡಿದುಕೊಳ್ಳಿ. ತುದಿಯ ಕಡೆಯಿಂದ ಜೆರಾಕ್ಸ್ ಪಟ್ಟಿಯನ್ನು, ಸುಮಾರು 0.1 ಮಿ.ಮೀ. ದಪ್ಪದ್ದು, ಮೊದಲು ಎಡ ಅಂಚಿನಡಿ ತೂರಿಸಿ, ನಿಂತ ಕಡೆ ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಬಲ ಅಂಚು. ಎರಡು ಗುರುತು ಒಂದೇ ಮಟ್ಟದಲ್ಲಿದ್ದರೆ ಒಳ್ಳೆಯದು. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರೀಡು ಒಂದು ಪಕ್ಕ ಮೊದಲು, ಇನ್ನೊಂದು ಪಕ್ಕ ಆಮೇಲೆ ಮುಚ್ಚುತ್ತಿದೆ. ನಿಮ್ಮ ಕಿರುಚಾಟದ ಬೇರು ಅದೇ. ಬೇಕೆಂದೇ ಬಾಗನ್ನು ತುಸು ಓರೆ ಮಾಡುವ ಕುಶಲಿ ತಯಾರಕರಿದ್ದಾರೆ. ಹೆಸರಿಲ್ಲದ ಮೌತ್‌ಪೀಸಿನಲ್ಲಿ ಕಾಣುವುದು ಆ ಕುಶಲತೆಯಲ್ಲ, ಅಜಾಗರೂಕತೆ.

ಸ್ಟೀಲ್ ಸ್ಕೇಲನ್ನು ಮಣೆಯ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು "ಮಧ್ಯದಲ್ಲಿ ಸಂದಿದೆ, ಕೆಟ್ಟಿದೆ" ಎಂದು ತೀರ್ಮಾನಿಸುವವರೂ ಇದ್ದಾರೆ. ಆತುರ ಬೇಡ. ಕೆಲವು ಒಳ್ಳೆಯ ಮೌತ್‌ಪೀಸುಗಳ ಮಣೆಗೆ ನಡುವೆ ಕೂದಲೆಳೆಯ ತಗ್ಗು ಇರುವುದುಂಟು. ಹೀರುವ ಪರೀಕ್ಷೆಯಲ್ಲಿ ಗೆದ್ದರೆ ಆ ತಗ್ಗನ್ನು ಮರೆತುಬಿಡಿ. ಮಣೆ ಉಬ್ಬಿ, ಗಾಜಿನ ಮೇಲೆ ತೂಗುಯ್ಯಾಲೆಯಾಡಿದರೆ ಮಾತ್ರ ಕೆಲಸಕ್ಕೆ ಬಾರದು.

"ದನಿ ಬರುತ್ತೆ, ಆದರೆ ಗಾಳಿ ಬೆರೆತಿದೆ"

ದನಿಯ ಜತೆ "ಸ್ಸ್" ಎಂಬ ಸದ್ದಿದ್ದರೆ ರೀಡು ತುಸು ಗಡುಸು. ಅರ್ಧ ನಂಬರು ಇಳಿಸಿ. ತುಟಿಯ ಮೂಲೆಯಿಂದ ಗಾಳಿ ಸೋರುತ್ತಿದ್ದರೆ ಕನ್ನಡಿಯ ಮುಂದೆ ಗೊತ್ತಾಗುತ್ತದೆ. ದನಿ ಗಟ್ಟಿಯಾಗಿದ್ದೂ ಡಬ್ಬದೊಳಗಿನ ಜೇನುನೊಣದಂತೆ ಗುಂಯ್‌ಗುಟ್ಟಿದರೆ ರೀಡು ಮೆದು ಅಥವಾ ಹಳತು.

"ಹತ್ತು ನಿಮಿಷಕ್ಕೇ ತುಟಿ ಸೋಲುತ್ತೆ, ದವಡೆ ನೋಯುತ್ತೆ"

ದೊಡ್ಡವರಿಗೆ ಇದು ಮಕ್ಕಳಿಗಿಂತ ಹೆಚ್ಚು. ದವಡೆಗೆ ಬಲವಿದೆ, ತುಟಿಗಿಲ್ಲ. ಆದ್ದರಿಂದ ತುಟಿಯ ಕೆಲಸವನ್ನೂ ದವಡೆ ತಾನೇ ಮಾಡಲು ಹೊರಡುತ್ತದೆ. ಕೆಳತುಟಿಯ ಒಳಗೆ ಹಲ್ಲಿನ ಗುರುತು ಬಿದ್ದಿದ್ದರೆ ಕಚ್ಚುತ್ತಿದ್ದೀರಿ ಎಂದೇ ಅರ್ಥ. ಹತ್ತು ನಿಮಿಷ ನುಡಿಸಿ, ಐದು ನಿಮಿಷ ಬಿಟ್ಟು, ಮತ್ತೆ ಹತ್ತು ನಿಮಿಷ. ಮೊದಲ ತಿಂಗಳು ಅಷ್ಟು ಸಾಕು.

ಮೇಲಿನ ಹಲ್ಲಿಗೆ ಮೌತ್‌ಪೀಸಿನ ಕಂಪನ ಕಿರಿಕಿರಿ ಎನಿಸಿದರೆ ಅದರ ಮೇಲ್ಭಾಗಕ್ಕೆ ಅಂಟಿಸುವ ರಬ್ಬರ್ ಪ್ಯಾಚು ಸಿಗುತ್ತದೆ, 0.8 ಮಿ.ಮೀ. ದಪ್ಪದ್ದು ಕೇಳಿ. ಅಗ್ಗದ ವಸ್ತು, ಗುಣ ದೊಡ್ಡದು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಇರುವವರು, ಅಲುಗುವ ಹಲ್ಲಿರುವವರು ಮೊದಲು ದಂತವೈದ್ಯರಿಗೆ ತೋರಿಸಿ.

ಇಲ್ಲಿ ಮೌತ್‌ಪೀಸಿನ ಪಾತ್ರ ನಿಜಕ್ಕೂ ಇದೆ. ತುದಿಯ ಸಂದು ದೊಡ್ಡದಾದಷ್ಟೂ ರೀಡನ್ನು ಮುಚ್ಚಿಸಲು ತುಟಿ ಹೆಚ್ಚು ದುಡಿಯಬೇಕು. ಸಂದು 1.2 ಮಿ.ಮೀ.ಗೆ ಹತ್ತಿರವಿದ್ದು, ಮೇಲೆ 3ನೇ ನಂಬರಿನ ರೀಡು ಹಾಕಿದ್ದರೆ ಹೊಸಬರಿಗೆ ಅದು ವ್ಯಾಯಾಮಶಾಲೆ. ರೀಡು ಇಳಿಸಿ ನೋಡಿ, ಆಮೇಲೆ ಚಿಕ್ಕ ಸಂದಿನ ಮೌತ್‌ಪೀಸಿನ ಯೋಚನೆ ಮಾಡಿ.

ನಿಲ್ಲಿಸಬೇಕಾದ ಗುರುತುಗಳು ಬೇರೆ ಇವೆ. ತಲೆಸುತ್ತು ಬಂದರೆ ಕೂತುಬಿಡಿ, ಆ ಹೊತ್ತಿಗೆ ಮತ್ತೆ ಊದಬೇಡಿ. ತುಟಿ ಜೋಮು ಹಿಡಿದದ್ದು ಮರುದಿನಕ್ಕೂ ಹೋಗದಿದ್ದರೆ, ದವಡೆ ಕಟಕಟ ಎಂದು ಬಾಯಿ ತೆರೆಯಲು ನೋವಾದರೆ ವೈದ್ಯರನ್ನು ಕಾಣಿ. ಗ್ಲಾಕೋಮಾ ಇರುವವರು, ಹೊಸದಾಗಿ ಕಣ್ಣಿನ ಅಥವಾ ಹರ್ನಿಯಾ ಆಪರೇಷನ್ ಆದವರು, ಹತೋಟಿಗೆ ಬಾರದ ಬಿಪಿ ಇರುವವರು ವಾದ್ಯ ಮುಟ್ಟುವ ಮುಂಚೆಯೇ ಕೇಳಿಕೊಳ್ಳಬೇಕು. ಬಿಗಿಹಿಡಿದು ಊದುವಾಗ ಕಣ್ಣಿನೊಳಗೂ ಹೊಟ್ಟೆಯೊಳಗೂ ಒತ್ತಡ ಏರುತ್ತದೆ.

"ಹಾರ್ಮೋನಿಯಂಗೆ ಶ್ರುತಿ ಕೂಡುತ್ತಿಲ್ಲ"

ಎಷ್ಟು ಕೂಡುತ್ತಿಲ್ಲ ಎಂದು ಮೊದಲು ಅಳೆಯಿರಿ. ವಾದ್ಯದ ಸಿ ಬೆರಳು ಹಾಕಿ ಊದಿದಾಗ ಹಾರ್ಮೋನಿಯಂನ ಆರೂವರೆ ಮನೆ ಕೇಳಿದರೆ, ಅಂದರೆ ಟ್ಯೂನರಿನಲ್ಲಿ ಬಿ ಫ್ಲಾಟ್ ಬಂದರೆ, ಏನೂ ಕೆಟ್ಟಿಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕ್ಲಾರಿಯೋನೆಟ್ ಬಿ ಫ್ಲಾಟ್ ವಾದ್ಯ. ಅದರ ಸಿ ಎಂದರೆ ನಮ್ಮ ಆರೂವರೆ. ಬೆರಳು ಯಾವುದನ್ನೂ ಮುಚ್ಚದೆ ಊದಿದರೆ ಎಫ್, ನಾಲ್ಕು ಮನೆ. ಇದು ತಿಳಿಯದೆ "ಒಂದು ಸ್ವರ ಇಳಿದಿದೆ, ಮೌತ್‌ಪೀಸ್ ಬದಲಿಸಿ ಕೊಡಿ" ಎಂದು ಅಂಗಡಿಗೆ ಮರಳುವವರಿದ್ದಾರೆ.

ಹತ್ತು ಹದಿನೈದು ಸೆಂಟ್ಸ್ (ಅರ್ಧ ಸ್ವರಕ್ಕೆ ನೂರು ಸೆಂಟ್ಸ್) ಇಳಿದಿದ್ದರೆ ವಾದ್ಯ ತಣ್ಣಗಿದೆ, ರೀಡು ಮೆದುವಾಗಿದೆ, ಇಲ್ಲವೇ ತುಟಿ ಸಡಿಲ. ಡಿಸೆಂಬರಿನ ಬೆಳಗಿನ ಜಾವ ಚಿಕ್ಕಬಳ್ಳಾಪುರದಲ್ಲಿ ನಂದಿಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸುವಾಗ ಎಂಥ ವಾದ್ಯವೂ ಇಳಿದೇ ಇರುತ್ತದೆ. ಐದು ನಿಮಿಷ ಬಿಸಿಯುಸಿರು ಊದಿ, ಆಮೇಲೆ ಅಳೆಯಿರಿ. ಏರಿದ್ದರೆ ಬ್ಯಾರೆಲನ್ನು 1 ಮಿ.ಮೀ. ಹೊರಗೆಳೆಯಿರಿ. ಎರಡಕ್ಕಿಂತ ಹೆಚ್ಚು ಎಳೆದರೆ ಮೇಲಿನ ತೂತುಗಳ ಕೆಲವು ಸ್ವರ ಮಾತ್ರ ಅತಿಯಾಗಿ ಇಳಿದು ವಾದ್ಯ ತನ್ನೊಳಗೇ ಜಗಳವಾಡುತ್ತದೆ. ವ್ಯಾಂಡೋರೆನ್ ಮೌತ್‌ಪೀಸುಗಳಲ್ಲಿ 13 ಸೀರೀಸ್ ಎಂದು ಇರುವವು 440ಕ್ಕೆ ಹೊಂದಿಸಿದವು. ಆ ಗುರುತಿಲ್ಲದವು ತುಸು ಮೇಲಕ್ಕೆ. ಎಂ13 ಎಂಬ ಮಾಡೆಲ್ಲಿನ ಹೆಸರನ್ನು ಇದರೊಂದಿಗೆ ಕಲಸಿಕೊಳ್ಳಬೇಡಿ, ಅದು ಬೇರೆ ಲೆಕ್ಕ.

ಅರ್ಧ ಸ್ವರದ ಅರ್ಧದಷ್ಟು ಏರಿದ್ದು, ಏನು ಮಾಡಿದರೂ ಇಳಿಯದಿದ್ದರೆ ವಾದ್ಯದ ವಯಸ್ಸು ವಿಚಾರಿಸಿ. ಬ್ಯಾಂಡ್‌ಸೆಟ್ಟಿನವರ ಮನೆಗಳಿಂದ ಕೈದಾಟಿ ಬರುವ ಹಳೆಯ ಇಂಗ್ಲಿಷ್ ಕ್ಲಾರಿಯೋನೆಟ್‌ಗಳ ಮೈಮೇಲೆ ಎಚ್.ಪಿ. ಎಂಬ ಮುದ್ರೆ ಇದೆಯೇ ನೋಡಿ. ಅದು ಹಿಂದಿನ ಮಿಲಿಟರಿ ಬ್ಯಾಂಡುಗಳ ಏರುಶ್ರುತಿ, ಸುಮಾರು 452. ಅದನ್ನು ಯಾವ ಮೌತ್‌ಪೀಸೂ ಇಂದಿನ 440ಕ್ಕೆ ತರಲಾರದು. ತೂತುಗಳ ಅಂತರವೇ ಬೇರೆ. ಒಂಟಿಯಾಗಿ ತಂಬೂರಿ ಆ್ಯಪನ್ನು ಅದಕ್ಕೇ ಏರಿಸಿಕೊಂಡು ನುಡಿಸುವುದಾದರೆ ಆದೀತು. ಎಲ್.ಪಿ. ಎಂದಿದ್ದರೆ ಅಡ್ಡಿಯಿಲ್ಲ. ಬೂಸಿ ಅಂಡ್ ಹಾಕ್ಸ್‌ನ 1010 ಸಿಕ್ಕಿದ್ದರೆ ಅದರ ಒಳಕೊಳವೆ 15.2 ಮಿ.ಮೀ. ಅಗಲ, ಅದಕ್ಕೆ ಅದರದೇ ಅಗಲಕೊಳವೆಯ ಮೌತ್‌ಪೀಸು ಬೇಕು. ಇಂದಿನ ಮಾಮೂಲಿ ಮೌತ್‌ಪೀಸು ಸಿಕ್ಕಿಸಿದರೆ ಸ್ಥಾಯಿ ಸ್ಥಾಯಿಗೆ ಶ್ರುತಿ ಹರಿಯುತ್ತದೆ.

"ಮೌತ್‌ಪೀಸು ಕೂರಲ್ಲ" ಅಥವಾ "ಕೂತರೆ ಅಲ್ಲಾಡುತ್ತೆ"

ಬಿಗಿಯಾದರೆ ಕಾರ್ಕಿಗೆ ಗ್ರೀಸು ಹಚ್ಚಿ, ತಿರುಗಿಸುತ್ತ ಕೂರಿಸಿ. ವ್ಯಾಸಲೀನು ಬೇಡ. ತಿಪಟೂರಿನ ಕೊಬ್ಬರಿ ಎಣ್ಣೆ ಎಷ್ಟೇ ಚೊಕ್ಕವಾಗಿದ್ದರೂ ತಲೆಗಿರಲಿ, ಕಾರ್ಕಿಗೆ ಬೇಡ, ಅಂಟು ಬಿಡುತ್ತದೆ. ಗ್ರೀಸಿಗೂ ಬಗ್ಗದಿದ್ದರೆ 400 ನಂಬರಿನ ಮರಳುಕಾಗದವನ್ನು ರಿಬ್ಬನ್ನಿನಂತೆ ಹಿಡಿದು ಕಾರ್ಕಿನ ಸುತ್ತ ನಾಲ್ಕು ಸಲ ಉಜ್ಜಿ, ಕೂರಿಸಿ ನೋಡಿ, ಮತ್ತೆ ನಾಲ್ಕು ಸಲ. ಸಡಿಲವಾದರೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು ಒಂದೆರಡು ಸುತ್ತು ಹಾಕಿ. ಹೊಸ ಕಾರ್ಕು ಹಾಕಿಸುವವರೆಗೆ ಸಾಕು. ಬ್ಯಾರೆಲಿನ ಬಾಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಮಾತ್ರ ಒತ್ತಬೇಡಿ, ರಿಪೇರಿಯವರಿಗೆ ಕೊಡಿ.

"ಒಳಗೆ ಬಿಳಿ ಪದರ, ಒಂಥರ ವಾಸನೆ"

ಬಿಳಿ ಗಡುಸು ಪದರ ಎಂಜಲಿನ ಸುಣ್ಣ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಅದರದೂ ಒಂದು ಪದರ ಸೇರುತ್ತದೆ. ಈ ಪದರ ಒಳಗಿನ ಆಕಾರವನ್ನೇ ಬದಲಿಸಿ ದನಿಯನ್ನು ಮಂಕುಮಾಡುತ್ತದೆ. ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ಸೋಪು, ಮಕ್ಕಳ ಮೆದು ಬ್ರಷ್ಷು. ಕೊನೆಗೆ ಒಂದು ಲೋಟ ಫಿಲ್ಟರ್ ನೀರಿನಲ್ಲಿ ಜಾಲಿಸಿ ಒರೆಸಿ. ಹಟಮಾರಿ ಪದರಕ್ಕೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಹತ್ತಿಕಡ್ಡಿಯಿಂದ ಅಲ್ಲಿಗಷ್ಟೇ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ, ಕಾರ್ಕು ನೆನೆಯಬಾರದು. ವಿನೆಗರಿನ ಜತೆ ಬ್ಲೀಚಿಂಗ್ ಬೆರೆಸಿದರೆ ವಿಷಗಾಳಿ ಏಳುತ್ತದೆ, ಆ ಸಾಹಸ ಬೇಡ. ಕುದಿಯುವ ನೀರೂ ಬೇಡ: ಗಟ್ಟಿ ರಬ್ಬರು ಹಸಿರುಗಂದಾಗಿ, ಗಂಧಕದ ವಾಸನೆ ಬಂದು, ಮಣೆ ಸೊಟ್ಟಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಇದೇ ಗತಿ.

ಮೌತ್‌ಪೀಸನ್ನು ಇನ್ನೊಬ್ಬರ ಬಾಯಿಂದ ನೇರ ನಿಮ್ಮ ಬಾಯಿಗೆ ತರಬೇಡಿ, ಗುರುಗಳದಾದರೂ ಸರಿ. ಸೋಪು ನೀರಿನಲ್ಲಿ ತೊಳೆದು, ರೀಡು ನಿಮ್ಮದೇ ಹಾಕಿ.

ಬದಲಿಸಲೇಬೇಕು ಎಂದಾದರೆ

ಉಗುರು, ಹೀರು, ಗಾಜು ಪರೀಕ್ಷೆಗಳಲ್ಲಿ ಮೌತ್‌ಪೀಸು ಸೋತಿದ್ದರೆ, ಅಥವಾ ಸಂದು ತೀರ ದೊಡ್ಡದಿದ್ದರೆ ಬದಲಿಸಿ. ಹೊಸಬರಿಗೆ ಬೇಕಾದದ್ದು 1.00ರಿಂದ 1.10 ಮಿ.ಮೀ. ಸಂದು, ಮಧ್ಯಮ ಉದ್ದದ ಬಾಗು. ಅಂಗಡಿಯಲ್ಲಿ ಟಿಪ್ ಓಪನಿಂಗ್ ಎಂದರೆ ತಿಳಿಯುತ್ತದೆ.

ಯಮಾಹಾ 4ಸಿ ಸಾಕು, ಬಹುತೇಕರಿಗೆ. ಸಂದು 1.05 ಮಿ.ಮೀ., ಬಾಗು 19 ಮಿ.ಮೀ. ಪ್ಲಾಸ್ಟಿಕ್ಕೇ, ಆದರೆ ಅಚ್ಚು ಸಮ. ಅದರ ಮೇಲೆ 2 ಅಥವಾ 2½ ರೀಡು ಹಾಕಿ ಒಂದು ವರ್ಷ ನುಡಿಸಬಹುದು. "ಪ್ಲಾಸ್ಟಿಕ್ ಅಂದರೆ ಕೀಳು, ರಬ್ಬರೇ ಆಗಬೇಕು" ಎಂಬ ಮಾತಿಗೆ ಬೆಲೆ ಕೊಡಬೇಡಿ. ದನಿಯನ್ನು ಆಳುವುದು ಅಂಚು, ಬಾಗು, ಒಳಗಿನ ಆಕಾರ. ಒಂದು ಹೆಜ್ಜೆ ಮೇಲೆ ಹೋಗುವ ಹಣವಿದ್ದರೆ ವ್ಯಾಂಡೋರೆನ್‌ನಲ್ಲಿ ಎಂ13 ಲೈರ್ 1.02, 5ಆರ್‌ವಿ ಲೈರ್ 1.09. ಇವು ಚಿಕ್ಕ ಸಂದಿನವಾದ್ದರಿಂದ ಮುಂದೆ ತುಟಿ ಬಲಿತಂತೆ ರೀಡಿನ ನಂಬರು ಏರಿಸಿಕೊಳ್ಳುತ್ತೀರಿ.

ಎಲ್ಲರೂ ಹೆಸರು ಹೇಳುವ ಬಿ45ರ ಸಂದು 1.195. ಒಳ್ಳೆಯ ಮೌತ್‌ಪೀಸೇ. ತುಟಿ ಸಡಿಲಿಸಿ ಬಿಗಿದು ಸ್ವರವನ್ನು ಜಾರಿಸುವುದಕ್ಕೆ, ಅಂದರೆ ನಮ್ಮ ಗಮಕಕ್ಕೆ, ದೊಡ್ಡ ಸಂದು ಮತ್ತು ಮೆದು ರೀಡಿನ ಜೋಡಿ ಚೆನ್ನಾಗಿ ಒದಗುತ್ತದೆ. ಆದರೆ ಸ್ವರವನ್ನು ನಿಂತಲ್ಲೇ ನಿಲ್ಲಿಸಲು ಬಾರದವರಿಗೆ ಅದೇ ಜೋಡಿ ಮೋಸ: ಶ್ರುತಿ ತಾನೇ ಜಾರುತ್ತದೆ. ಸರಳೆವರಸೆ, ಜಂಟಿವರಸೆಗಳು ಟ್ಯೂನರಿನ ಮುಂದೆ ನೆಟ್ಟಗೆ ಬರಲಿ, ಅದರ ಕಾಲ ಆಮೇಲೆ ಬರುತ್ತದೆ.

ಅಂಗಡಿಗೆ ನಿಮ್ಮ ವಾದ್ಯವನ್ನೇ ಕೊಂಡೊಯ್ಯಿರಿ, 2, 2½, 3ರ ನಿಮ್ಮ ರೀಡುಗಳನ್ನೂ. ಮೂರಕ್ಕಿಂತ ಹೆಚ್ಚು ಮೌತ್‌ಪೀಸು ಒಂದೇ ದಿನ ನೋಡಬೇಡಿ. ನಾಲ್ಕನೆಯದಕ್ಕೆ ತುಟಿ ಸುಳ್ಳು ಹೇಳಲು ಶುರುಮಾಡುತ್ತದೆ. ಒಂದೊಂದರಲ್ಲೂ ಇದಿಷ್ಟು: ಕೆಳಗಿನ ಜಿ ಹತ್ತು ಎಣಿಸುವವರೆಗೆ, ಅದೇ ಸ್ವರ ಸದ್ದೇ ಇಲ್ಲದ ಕಡೆಯಿಂದ ಮೆಲ್ಲಗೆ ಹುಟ್ಟುವಂತೆ, ನಾಲಿಗೆಯಿಂದ ತಟ್ಟಿ ಎಂಟು ಸಲ, ಆಮೇಲೆ ನಿಮ್ಮ ಷಡ್ಜ ಎಲ್ಲಿದೆಯೋ ಅಲ್ಲಿಂದ ಮಾಯಾಮಾಳವಗೌಳದ ಆರೋಹಣ, ಅವರೋಹಣ ವಿಳಂಬದಲ್ಲಿ. ಎ ಯಿಂದ ಬಿ ಗೆ ದಾಟುವ ಜಾಗದಲ್ಲಿ ಕಿರುಚಿತೆಂದು ಮೌತ್‌ಪೀಸನ್ನು ತಳ್ಳಿಹಾಕಬೇಡಿ, ಅಲ್ಲಿ ಎಲ್ಲ ಬೆರಳೂ ಒಟ್ಟಿಗೆ ಬೀಳಬೇಕು, ಹೊಸಬರಿಗೆ ಅದು ಬೆರಳಿನ ತೊಂದರೆ. ಹತ್ತಡಿ ದೂರದಲ್ಲಿ ನಿಂತ ಜತೆಗಾರರ ಕಿವಿಯನ್ನು ನಿಮ್ಮ ಕಿವಿಗಿಂತ ಹೆಚ್ಚು ನಂಬಿ. ಊದುವವರಿಗೆ ಹಲ್ಲಿನ ಮೂಲಕ ಕೇಳುವ ದನಿಯೇ ಬೇರೆ. ಹೆಸರುವಾಸಿ ಮೌತ್‌ಪೀಸು ಅರ್ಧ ಬೆಲೆಗೆ ಸಿಕ್ಕಿದರೆ ಅಕ್ಷರ ಕೆತ್ತಿರುವ ಗೆರೆ ಚೂಪಾಗಿದೆಯೇ ನೋಡಿ, ಗಾಜಿನ ಪರೀಕ್ಷೆಯನ್ನು ಅಲ್ಲೇ ಗಲ್ಲಾದ ಮೇಲೆ ಮಾಡಿ.

ಹಳೆಯ ಮೌತ್‌ಪೀಸಿನಲ್ಲಿ ಮುಕ್ಕಿಲ್ಲದಿದ್ದರೆ ಎಸೆಯಬೇಡಿ. ಮುಂದೆ ಎಂದಾದರೂ ಹೊಸದು ಕಿರುಚಿದಾಗ ಅದೇ ರೀಡನ್ನು ಹಳೆಯದಕ್ಕೆ ಕಟ್ಟಿ ಊದಿ. ಎರಡರಲ್ಲೂ ಕಿರುಚಿದರೆ ರೀಡನ್ನೋ ಪ್ಯಾಡನ್ನೋ ಹುಡುಕುವುದು, ಬಳೇಪೇಟೆಯ ಬಸ್ಸು ಹತ್ತುವುದಲ್ಲ.